ತುಟಿಯ ಮೂಲೆಯ ಕೆಂಪು

ಹಳೆಯ ಅಮೃತಶಿಲೆಯನ್ನು ನಾವು ಉಗುಳಿನಿಂದ ಒರೆಸುತ್ತೇವೆ ಎಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಕಡ್ಡಿಗೆ ಸುತ್ತಿದ ಹತ್ತಿಯನ್ನು ನಾಲಿಗೆಗೆ ಮುಟ್ಟಿಸಬೇಕು, ಕಲ್ಲಿನ ಮೇಲೆ ಮೆಲ್ಲಗೆ ಉರುಳಿಸಬೇಕು, ಎಸೆದು ಹೊಸದನ್ನು ತೆಗೆದುಕೊಳ್ಳಬೇಕು. ಅಷ್ಟು ಮೃದುವಾದ ದ್ರವ ಬೇರೆ ಸುಲಭಕ್ಕೆ ಸಿಗುವುದಿಲ್ಲ.

“ನಮ್ಮ ಉಡುಪಿಯಲ್ಲಿ ದೇವರಿಗೆ ಎಂಜಲು ತಾಗಿದ್ರೆ ಪ್ರಾಯಶ್ಚಿತ್ತ ಮಾಡ್ಬೇಕು ಹಫ್ಸಾ, ಇಲ್ಲಿ ಅದಕ್ಕೇ ಸಂಬಳ,” ಎಂದು ಸ್ನೇಹಲತಾ ಅಕ್ಕ ಮೊದಲ ದಿನ ನಕ್ಕಿದ್ದರು. ಬರ್ಕ್ಲಿಯ ಈ ಪುಟ್ಟ ಮ್ಯೂಸಿಯಮ್ಮಿನ ಲ್ಯಾಬಿಗೆ ಅವರೇ ಮುಖ್ಯಸ್ಥೆ. ನನ್ನನ್ನು ಕಾಯಂ ಮಾಡುವ ಪತ್ರಕ್ಕೆ ಈ ವಾರ ಅವರ ಸಹಿ ಬೀಳಬೇಕಿತ್ತು.

ಇಂದು ರಂಜಾನಿನ ಹನ್ನೊಂದನೇ ರೋಜಾ. ಮಧ್ಯಾಹ್ನ ಮೂರರ ಹೊತ್ತಿಗೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಎದುರಿಗೆ ಒಂದು ಹೆಂಗಸಿನ ತಲೆ, ಗ್ರೀಕ್ ದೇವಸ್ಥಾನವೊಂದರ ನೆತ್ತಿಯಿಂದ ಎಂದೋ ಉರುಳಿದ್ದು, ಮೂಗು ಮುರಿದದ್ದು. ನಾಲ್ಕಕ್ಕೆ ಅದನ್ನು ಪೀಠಕ್ಕೇರಿಸಲು ಕೆಲಸದವರು ಬರುತ್ತಾರೆ. ಬಾಯಿಯ ಎಡಮೂಲೆ ಮಾತ್ರ ಬಾಕಿ.

ಹತ್ತಿ ನಾಲಿಗೆಯ ಮೇಲೆ ಒಣಗಿಯೇ ಉಳಿಯಿತು. ಶೆಲ್ಫಿನಲ್ಲಿ, ಉಗುಳಿಗಿಂತ ಬಿರುಸಾಗಿ ಕೊಳೆ ಎಬ್ಬಿಸುವ ಸಿಟ್ರೇಟ್ ದ್ರಾವಣದ ಬಾಟಲಿ ಇತ್ತು. ಯಾವುದೇ ಹೊಸ ದ್ರವವನ್ನು ಮೊದಲು ಕಣ್ಣಿಗೆ ಬೀಳದ ಕಡೆ ಪರೀಕ್ಷಿಸಿ, ಬರೆದಿಟ್ಟು, ಆಮೇಲೆ ಮುಖಕ್ಕೆ ತರಬೇಕು. ನಾನು ಗಡಿಯಾರ ನೋಡಿದೆ. ಪರೀಕ್ಷಿಸಲಿಲ್ಲ.

ಮೊದಲ ಕಡ್ಡಿಗೆ ಬೂದು ಬಂತು. ಎರಡನೆಯದಕ್ಕೂ ಬೂದು. ಮೂರನೆಯದು ಕೆಂಪಗಿತ್ತು.

ನನ್ನ ತುಟಿ ಒಡೆದಿರಬೇಕು ಅಂದುಕೊಂಡೆ. ಆದರೆ ಈ ಕಡ್ಡಿ ಬಾಯಿಗೆ ಹೋಗಿರಲೇ ಇಲ್ಲ. ಗ್ಲೌಸು ಕಿತ್ತೆಸೆದು ನಿನ್ನೆಯ ಫೋಟೊವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ತುಟಿಯ ಸಂದಿಯಲ್ಲಿ ನಾಲ್ಕೈದು ಕೆಂಪು ಕಣ. ತುಕ್ಕಿನ ಕಲೆ ಎಂದು ನಾನೇ ಗುರುತು ಹಾಕಿದ್ದೆ. ಎರಡೂವರೆ ಸಾವಿರ ವರ್ಷದ ಹಿಂದೆ ಯಾರೋ ಅವಳ ತುಟಿಗೆ ಹಚ್ಚಿದ ಬಣ್ಣ. ಇಷ್ಟು ಕಾಲ ಮಣ್ಣು ಕಾಪಾಡಿದ್ದನ್ನು ನಾನು ಒರೆಸಿದ್ದೆ. ಕಲ್ಲಿನ ಮೇಲೆ ಈಗ ಏನೂ ಇರಲಿಲ್ಲ.

ಬಾಗಿಲು ತೆರೆಯಿತು. ಕಡ್ಡಿಯನ್ನು ಮುಷ್ಟಿಯೊಳಗೆ ಮುಚ್ಚಿದೆ.

“ಎಂತ ಮಾರಾಯ್ತಿ, ಮುಗೀತಾ?” ಸ್ನೇಹಲತಾ ಅಕ್ಕ ಕಲ್ಲಿನ ತಲೆಯ ಸುತ್ತ ಒಮ್ಮೆ ನಡೆದು ನೋಡಿದರು. “ಚಂದ ಆಗಿದೆ. ಉಪವಾಸದಲ್ಲೂ ಇಷ್ಟು ಎಂಜಲು ಎಲ್ಲಿಂದ ತಂದೆ?”

ಸುಮ್ಮನಿದ್ದರೆ ಸಾಕಿತ್ತು. ಅದು ನನಗೆ ಚೆನ್ನಾಗಿ ಬರುತ್ತದೆ. ಫ್ರೀಮಾಂಟಿನ ನಮ್ಮ ಮನೆಯಲ್ಲಿ ಒಳ್ಳೆಯ ಹುಡುಗಿ ಎಂಬ ಹೆಸರು ಬಂದದ್ದೇ ಅದರಿಂದ. ಕಡ್ಡಿ ಕಸಕ್ಕೆ ಹೋದರೆ ತುಕ್ಕು ತುಕ್ಕಾಗಿಯೇ ಉಳಿಯುತ್ತದೆ, ಪತ್ರಕ್ಕೆ ಸಹಿ ಬೀಳುತ್ತದೆ. ಹತ್ತಿಯ ತೇವ ಬೆರಳ ಸಂದಿಗೆ ಇಳಿಯುತ್ತಿತ್ತು. ಹಿಡಿದಷ್ಟು ಹೊತ್ತೂ ಬಣ್ಣ ನನ್ನ ಚರ್ಮಕ್ಕೆ ಹೋಗುತ್ತಿತ್ತು.

ಮುಷ್ಟಿ ಬಿಚ್ಚಿದೆ.

“ಅಕ್ಕ, ಇದು ಬಣ್ಣ. ಸಿಟ್ರೇಟ್ ಹಾಕಿದೆ. ಟೆಸ್ಟ್ ಮಾಡ್ಲಿಲ್ಲ.”

ಅವರು ಕೈ ನೋಡಿದರು. ಕಲ್ಲು ನೋಡಿದರು. ಪರದೆಯ ಮೇಲಿನ ಫೋಟೊ ನೋಡಿದರು. ಹೊರಗೆ ಟ್ರಾಲಿಯ ಚಕ್ರಗಳು ಬಂದು ನಿಂತ ಸದ್ದಾಯಿತು. ನಾನು ಸಿಂಕಿನ ಕಡೆ ತಿರುಗಿದೆ.

“ಕೈ ತೊಳೀಬೇಡ.”

ಸಣ್ಣ ಗಾಜಿನ ಶೀಶೆ ತಂದು ಕಡ್ಡಿಯನ್ನು ಅದರೊಳಗಿಟ್ಟರು. ಇನ್ನೊಂದು ಹತ್ತಿಯನ್ನು ತಮ್ಮ ನಾಲಿಗೆಗೆ ಮುಟ್ಟಿಸಿ ನನ್ನ ಅಂಗೈಯ ಗೆರೆಗಳ ಮೇಲೆ ಉರುಳಿಸತೊಡಗಿದರು, ನಾನೇ ಕಲ್ಲು ಎಂಬಂತೆ.

“ರಿಪೋರ್ಟಲ್ಲಿ ನಿನ್ನ ಹೆಸರೇ ಬರೀತೇನೆ,” ಎಂದರು, ತಲೆಯೆತ್ತದೆ. “ಟೆಸ್ಟ್ ಮಾಡ್ಲಿಲ್ಲ ಅಂತಲೂ.”

ಪತ್ರದ ಮಾತು ಇಬ್ಬರೂ ಎತ್ತಲಿಲ್ಲ.

“ನಾಳೆ ಬರಲಾ?”

ಅವರು ಆ ಹತ್ತಿಯನ್ನೂ ಎರಡನೇ ಶೀಶೆಗೆ ಹಾಕಿ ಮುಚ್ಚಳ ತಿರುಗಿಸಿದರು.

“ಎಂಟಕ್ಕೆ ಬಾ. ಬಾಯಿ ಒಣಗುವ ಮೊದಲು.”