ನೀರು ಕುಡಿಯುವ ಗಾಡಿ

ಮೋನಪ್ಪನ ಟ್ಯಾಕ್ಸಿ ನೀರು ಕುಡಿಯುತ್ತಿತ್ತು. ಕುಡಿಯದ ಗಾಡಿ ಯಾವುದಿದೆ ಎನ್ನಬಹುದು. ಆದರೆ ಇದು ಕುಡಿದ ನೀರು ಎಲ್ಲಿಗೆ ಹೋಗುತ್ತಿತ್ತು ಎನ್ನುವುದು ಮಾತ್ರ ಮುಂಬಯಿಯ ಬೈಕುಲ್ಲಾದ ಆ ಚಾಳಿನಲ್ಲಿ ಯಾರಿಗೂ ಬಿಡಿಸಲಾಗದ ಒಗಟಾಗಿತ್ತು.

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದೊಡನೆ ಮೋನಪ್ಪನ ಅಕ್ಕನ ಮಗಳು ವಿನೋದಿನಿ ತಗಡಿನ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಮನೆಗೆ ಒಂದು ಸಲ, ಗಾಡಿಗೆ ಇನ್ನೊಂದು ಸಲ. ಬೆಳಗಾವಿ ಕಡೆಯ ಗಂಗುಬಾಯಿ ಕೊಡ ಸೊಂಟಕ್ಕೇರಿಸುತ್ತ ಕೆಣಕುವಳು: "ಯಾಕವ್ವಾ, ಮೋಟಾರಿಗೆ ಇವತ್ತೂ ನೀರಡಿಕಿ ಏನು? ಅದರ ಬದಲಿ ಒಂದು ಎಮ್ಮಿ ಕಟ್ಟಿದ್ರ ಹಾಲಾದ್ರೂ ಕೊಡತಿತ್ತಲ್ಲ!"

ವಿನೋದಿನಿ ನಗುತ್ತಿದ್ದಳು. ಅವಳಿಗೆ ಆ ಕಪ್ಪು ಗಾಡಿ ಎಮ್ಮೆಯೂ ಅಲ್ಲ, ಮೋಟಾರೂ ಅಲ್ಲ. ಮೋನಪ್ಪನ ತಾಯಿ ಅಕ್ಕು ಅಜ್ಜಿಯ ಕಥೆಯಲ್ಲಿ ಒಂದು ಬಂಡೆ ಬರುತ್ತಿತ್ತು. ಸಮುದ್ರದ ದಂಡೆಯಲ್ಲಿ ಅದರಷ್ಟಕ್ಕೆ ಕೂತ ಕಪ್ಪು ಬಂಡೆ. ಊರವರು ಎಷ್ಟು ಕೊಡ ನೀರು ಹೊಯ್ದರೂ ಒಂದು ಹನಿಯೂ ಕೆಳಗೆ ಇಳಿಯದಂತೆ ಕುಡಿದುಬಿಡುತ್ತಿತ್ತು. "ಹಾಗಾದ್ರೆ ನೀರು ಎಲ್ಲಿ ಹೋಯ್ತು ಅಜ್ಜಿ?" ಎಂದು ಸಣ್ಣವಳಿದ್ದಾಗ ಕೇಳಿದರೆ, ಅಜ್ಜಿ ಬಾಯಿಯ ಎಲೆಯಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ತಂದು ಹೇಳುವಳು: "ನೀರು ಎಲ್ಲಿಗೂ ಹೋಗುವುದಿಲ್ಲ ಮಗಾ. ಮೈ ತೋರಿಸ್ಲಿಕ್ಕೆ ಅದಕ್ಕೂ ಒಂದು ಗಳಿಗೆ ಬೇಕು."

ಮೋನಪ್ಪನಿಗೆ ಕಥೆ ಕೇಳುವ ಪುರುಸೊತ್ತಿರಲಿಲ್ಲ. ಊರಿನಿಂದ ಬಂದವನು ಫೋರ್ಟಿನ ಒಂದು ಹೋಟೆಲಿನಲ್ಲಿ ಇಡ್ಲಿ ಹಿಟ್ಟು ರುಬ್ಬುತ್ತ ರುಬ್ಬುತ್ತ ಹರೆಯವನ್ನೇ ರುಬ್ಬಿಕೊಂಡಿದ್ದ. ರುಬ್ಬುಗಲ್ಲಿನಿಂದ ಎದ್ದು ಸ್ಟಿಯರಿಂಗ್ ಹಿಡಿದದ್ದು ಈ ಗಾಡಿಯಿಂದ. ಯುದ್ಧಕ್ಕೂ ಮುಂಚಿನದು, ಯಾವನೋ ದೊರೆ ಬಿಟ್ಟುಹೋದದ್ದು, ಬಾನೆಟ್ಟಿನ ಎರಡೂ ಪಕ್ಕ ರೆಕ್ಕೆಯಂತೆ ಮೇಲಕ್ಕೆ ತೆರೆಯುವಂಥದ್ದು. ಅದು ನಿಂತರೆ ಮತ್ತೆ ರುಬ್ಬುಗಲ್ಲೇ ಗತಿ. ಹೋಟೆಲಿನ ಧಣಿ ಹೋದ ವಾರವೇ ಹಲ್ಲು ಕಿಸಿದು ಹೇಳಿದ್ದ: "ಬಾ ಮಾರಾಯ, ಕಲ್ಲು ಎಲ್ಲಿಗೂ ಹೋಗಲಿಲ್ಲ. ನಿನ್ನನ್ನೇ ಕಾಯ್ತಾ ಉಂಟು."

ಗಾಡಿಯ ವೈದ್ಯ ಈರಣ್ಣ, ಧಾರವಾಡ ಕಡೆಯವನು. ಚಾಳಿನ ಎದುರು ಗಲ್ಲಿಯಲ್ಲೇ ಅವನ ಗ್ಯಾರೇಜು. ಅವನು ನೋಡದೆ ಬಿಟ್ಟದ್ದಿಲ್ಲ. ರಬ್ಬರಿನ ಕೊಳವೆಗಳನ್ನು ಬದಲಿಸಿದ. ರೇಡಿಯೇಟರನ್ನು ಬಿಚ್ಚಿ ತೊಟ್ಟಿಯಲ್ಲಿ ಮುಳುಗಿಸಿ, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ನೆಟ್ಟು ಕೂತ. ಎಂಜಿನ್ನಿನ ಎಣ್ಣೆಯಲ್ಲಿ ಕಡ್ಡಿ ಅದ್ದಿದ. ನೀರು ಸೇರಿದ್ದರೆ ಅದು ಮಜ್ಜಿಗೆಯಂತೆ ಬೆಳ್ಳಗಾಗಬೇಕಿತ್ತು, ಆಗಿರಲಿಲ್ಲ. ಹಿಂದಿನ ಹೊಗೆ ಬೆಳ್ಳಗಿದೆಯೇ ಎಂದು ನೆಲಕ್ಕೆ ಕುಕ್ಕರಿಸಿ ನೋಡಿದ. ಅದೂ ಇಲ್ಲ. ರಾತ್ರಿ ಗಾಡಿಯ ಕೆಳಗೆ ಹಾಸಿದ ಹಳೆಯ ಪೇಪರು ಬೆಳಿಗ್ಗೆ ಕುರುಂಕುರುಂ ಎನ್ನುವಷ್ಟು ಒಣಗಿಯೇ ಇರುತ್ತಿತ್ತು.

"ಎಣ್ಯಾಗ ನೀರಿಲ್ಲ, ಹೊಗ್ಯಾಗ ನೀರಿಲ್ಲ, ನೆಲದ ಮ್ಯಾಲೂ ಇಲ್ಲ," ಎಂದು ಕೊನೆಗೊಂದು ದಿನ ಈರಣ್ಣ ಕೈ ಒರೆಸಿಕೊಂಡ. "ಮೋನಪ್ಪಣ್ಣಾ, ಖರೇ ಹೇಳತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಎಂಜಿನ್ನಿನ ಮೈಯಾಗ ಎಲ್ಲೋ ಕೂದಲೆಳಿ ಹಂಗ ಸೀಳೈತಿ. ಕಾದಾಗ ಬಾಯಿ ಬಿಡತೈತಿ, ಆರಿದಾಗ ಮುಚ್ಕೋತೈತಿ. ಬೀಡು ಕಬ್ಬಿಣದ ಎಂಜಿನ್ನು ಸೀಳಿದ್ರ ಬೆಸಿಗಿ ಹಿಡಿಯಂಗಿಲ್ಲ. ಕುರ್ಲಾದ ಭಂಗಾರ್‌ದವ, ಹಳೇ ಕಬ್ಬಿಣಾ ಕೊಳ್ಳಾಂವ, ನನ್ನ ಗುರ್ತಿನವ ಅದಾನ. ನಡುರಸ್ತೇದಾಗ ಸುಟ್ಟು ಹೋಗೂಕಿಂತ ಮೊದಲ ಕೊಟ್ಟುಬಿಡ್ರಿ."

ಮೋನಪ್ಪ ಗಾಡಿಯ ಮೂತಿಯ ಮೇಲೆ ಕೈಯಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಸ್ವಲ್ಪ ಹೊತ್ತು ನಿಂತ. ಮಾರನೆಯ ಬೆಳಿಗ್ಗೆ ಕುರ್ಲಾಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಆ ಸಂಜೆ ಮೋನಪ್ಪ ಹೋಟೆಲಿನ ಧಣಿಯನ್ನು ಕಾಣಲು ಹೋದ ಮೇಲೆ ಅಕ್ಕು ಅಜ್ಜಿ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಹಿತ್ತಾಳೆ ಹರಿವಾಣ. ಅದರಲ್ಲಿ ಅರಶಿನ ಸುಣ್ಣ ಕದಡಿದ ಕುರ್ದಿ ನೀರು ಕಡುಗೆಂಪಾಗಿ ತುಳುಕುತ್ತಿತ್ತು. ಹೊಸ ಮದುಮಗಳಿಗೆ, ಬಾಣಂತಿಗೆ, ದೂರ ಹೊರಟವರಿಗೆ ದೃಷ್ಟಿ ತೆಗೆಯುವ ನೀರು ಅದು.

"ಅಜ್ಜಿ, ಗುಜರಿಗೆ ಹೋಗುವ ಗಾಡಿಗೆ ಎಂತ ದೃಷ್ಟಿ?" ಎಂದಳು ವಿನೋದಿನಿ.

"ಅನ್ನ ಕೊಟ್ಟದ್ದಲ್ವಾ? ಮನೆ ಮಗಳ ಹಾಗೆ ಕಳಿಸ್ಬೇಕು," ಎಂದು ಅಜ್ಜಿ ಮೂರು ಸುತ್ತು ನಿವಾಳಿಸಿದಳು. ಊರಲ್ಲಿ ಉಳಿದ ಭೂತ, ಇಲ್ಲಿ ಕಂಡ ಕೆಟ್ಟ ಕಣ್ಣು, ಎಲ್ಲರನ್ನೂ ಹೆಸರು ಹಿಡಿದು ಬೈದು ಓಡಿಸಿದಳು. ಆಮೇಲೆ ಹರಿವಾಣ ಹಿಡಿದು ಸುತ್ತಲೂ ನೋಡಿದಳು. ಕಷ್ಟ ಶುರುವಾದದ್ದು ಅಲ್ಲಿ. ಇಳಿ ತೆಗೆದ ಕುರ್ದಿಯನ್ನು ಯಾರ ಕಾಲೂ ದಾಟದ ಕಡೆ ಚೆಲ್ಲಬೇಕು, ದಾಟಿದವರಿಗೆ ಆ ದೃಷ್ಟಿ ಅಂಟಿಕೊಳ್ಳುತ್ತದೆ. ಊರಲ್ಲಾದರೆ ತೆಂಗಿನ ಬುಡ ಇತ್ತು. ಇಲ್ಲಿ ಅಂಗಳವೆಂದರೆ ಮಕ್ಕಳ ಗೋಲಿಯಾಟ, ಗಟಾರವೆಂದರೆ ನೂರು ಜನ ದಾಟುವ ದಾರಿ, ರಸ್ತೆಯೆಂದರೆ ಟ್ರಾಮು. ಕಾಲು ಬೀಳದ ಒಂದು ಗೇಣು ನೆಲ ಅಷ್ಟು ದೊಡ್ಡ ಮುಂಬಯಿಯಲ್ಲಿ ಅಜ್ಜಿಗೆ ಕಾಣಲಿಲ್ಲ.

ಅವಳ ಕಣ್ಣು ಗಾಡಿಯ ಮೂತಿಯ ಮೇಲಿನ ಮುಚ್ಚಳದ ಮೇಲೆ ನಿಂತಿತು. "ಅದು ಬಾಯಲ್ವಾ? ತೆಗಿ."

"ಮಾವ ಬೈತಾರೆ ಅಜ್ಜಿ!"

"ನಾಳೆ ಹೋಗುವುದಕ್ಕೆ ಇವತ್ತೆಂತ ಬೈಗುಳ? ಅದರ ಹೊಟ್ಟೆಯೊಳಗೆ ಯಾರು ಕಾಲಿಡ್ತಾರೆ? ಬಾಯಾರಿಕೊಂಡು ಹೋಗುವುದೂ ಬೇಡ."

ವಿನೋದಿನಿ ಮುಚ್ಚಳ ತಿರುಗಿಸಿದಳು. ಕೆಂಪು ನೀರು ಗಟಗಟ ಎಂದು ಕತ್ತಲೆಯೊಳಗೆ ಇಳಿದುಹೋಯಿತು. ಅವಳಿಗೆ ಕಥೆಯ ಬಂಡೆ ನೆನಪಾಯಿತು.

ಬೆಳಿಗ್ಗೆ ಮೂವರೂ ಹೊರಟರು. ಮೋನಪ್ಪ, ಪಕ್ಕದಲ್ಲಿ ಈರಣ್ಣ, ಹಿಂದೆ ಕಾಲ ಬಳಿ ಡಬ್ಬಿಯಿಟ್ಟುಕೊಂಡು ವಿನೋದಿನಿ. ದಾರಿಯಲ್ಲಿ ನೀರು ಹೊಯ್ಯಲು ಒಬ್ಬರು ಬೇಕಲ್ಲ. ಪರೇಲು ದಾಟಿತು, ದಾದರು ದಾಟಿತು. ಈರಣ್ಣ ಮೂಗು ಅರಳಿಸಿದ.

"ಏನ್ರಿ ಇದು, ಗಾಡ್ಯಾಗ ಸಾರು ಕುದ್ದಂಗ ವಾಸನಿ?"

"ನಿಮಗೆ ಹಸಿವಾಗಿರ್ಬೇಕು," ಎಂದ ಮೋನಪ್ಪ, ತಿರುಗಿಯೂ ನೋಡದೆ. ವಿನೋದಿನಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ನೋಡಿದಳು.

ಸಯನ್ನಿನ ಏರಿನಲ್ಲಿ ಗಾಡಿ ಎಂದಿನಂತೆ ಏದುಸಿರು ಬಿಟ್ಟಿತು. ಮೂತಿಯಿಂದ ಹಬೆ ಎದ್ದಿತು. ಮೋನಪ್ಪ ಪಕ್ಕಕ್ಕೆ ಹಾಕಿ, ಎಂಜಿನ್ನು ಆರಿಸದೆ ಇಳಿದು, ಸ್ವಲ್ಪ ತಣಿಯಲೆಂದು ಬಲಗಡೆಯ ರೆಕ್ಕೆ ಎತ್ತಿದ. "ಆಚೆದು ನೀನು ತೆಗಿ ಮಗಾ."

ಎಡಗಡೆಯ ರೆಕ್ಕೆ ಎತ್ತಿದ ವಿನೋದಿನಿ ಹಾಗೇ ನಿಂತುಬಿಟ್ಟಳು.

ಹೊಗೆ ಹೋಗುವ ದಪ್ಪ ಕೊಳವೆಯ ಹಿಂದೆ, ಹಗಲಿನ ಬೆಳಕೂ ಹೆದರಿ ಇಳಿಯುವಂಥ ಒಂದು ಮೂಲೆಯಲ್ಲಿ, ಎಂಜಿನ್ನಿನ ಕಪ್ಪು ಪಕ್ಕೆಯ ಮೇಲೆ ಸಣ್ಣದೊಂದು ಕೆಂಪು ಗೆರೆ. ಹೊಸ್ತಿಲಿಗೆ ಎಳೆದ ಕುಂಕುಮದಂತೆ. ಅವಳು ನೋಡುತ್ತಿದ್ದ ಹಾಗೆ ಗೆರೆಯ ತಲೆಯಲ್ಲಿ ಒಂದು ಹನಿ ಹುಟ್ಟಿತು. ತುಂಬಿಕೊಂಡಿತು. ಮಾಗಿದ ಹಣ್ಣಿನಂತೆ ಕೆಂಪಗೆ ತೂಗಿ, ಕಾದ ಕೊಳವೆಯ ಮೇಲೆ ಕಳಚಿ ಬಿತ್ತು. ಚುಂಯ್. ಅಷ್ಟೆ. ಅಲ್ಲಿ ಹನಿ ಇರಲಿಲ್ಲ. ಅರಶಿನದ ಘಮದ ಒಂದು ಎಳೆ ಹಬೆ ಅವಳ ಮುಖಕ್ಕೆ ಹಾಯ್ದು ಸಯನ್ನಿನ ಆಕಾಶದಲ್ಲಿ ಕರಗಿಹೋಯಿತು.

ಮತ್ತೆ ಇನ್ನೊಂದು ಹನಿ ಹುಟ್ಟಿತು.

ಎಷ್ಟು ಬೆಳಗು, ಎಷ್ಟು ಡಬ್ಬಿ ನೀರು! ಎಲ್ಲವೂ ಹೀಗೆ ಹನಿಹನಿಯಾಗಿ ಹುಟ್ಟಿ, ನೆಲ ಮುಟ್ಟುವ ಮೊದಲೇ ಮೋಡದ ಕಡೆ ನಡೆದಿತ್ತು. ತಾನು ಸಾಲಿನಲ್ಲಿ ನಿಂತು ಹೊತ್ತದ್ದು ಆಕಾಶಕ್ಕೆ ನೀರು! ಬರಿ ನೀರಿಗೆ ಬಣ್ಣವಿರಲಿಲ್ಲ, ಹಾಗಾಗಿ ಯಾರಿಗೂ ಕಾಣಲಿಲ್ಲ.  ಅವಳು ಕಣ್ಣು ಕೀಳದೆ ಕರೆದಳು: "ಮಾವಾ, ಬನ್ನಿ. ಕುರ್ದಿ ಬರ್ತಾ ಉಂಟು."

"ಎಂತ ಬರ್ತಾ ಉಂಟು?" ಮೋನಪ್ಪ ಸುತ್ತಿ ಬಂದ. ಕೆಂಪು ಕಂಡು ಎದೆ ಹಿಡಿದುಕೊಂಡ. "ಅಯ್ಯೋ ದೇವರೇ, ರಕ್ತ!"

ಈರಣ್ಣ ಇಬ್ಬರನ್ನೂ ಸರಿಸಿ ತಲೆ ಒಳಗೆ ಹಾಕಿದ. ಸ್ವಲ್ಪ ಹೊತ್ತು ಅವನ ಬೆನ್ನು ಮಾತ್ರ ಕಂಡಿತು. ಮೂರನೆಯ ಹನಿ ಅವನ ಕಣ್ಣೆದುರೇ ಹುಟ್ಟಿ ಇಲ್ಲವಾಗಿರಬೇಕು. ಹೊರಗೆ ಬಂದ ಮುಖದಲ್ಲಿ ನಗುವೂ ಇತ್ತು, ದಿಗಿಲೂ ಇತ್ತು.

"ಯಾರವಾ ಇದಕ್ಕ ಬಣ್ಣ ಕುಡಿಸಿದವರು?"

ವಿನೋದಿನಿ ಹೇಳಿದಳು. ಹರಿವಾಣ, ದೃಷ್ಟಿ, ಕಾಲು ದಾಟದ ಜಾಗ, ಎಲ್ಲವನ್ನೂ.

"ಸುಣ್ಣ! ರೇಡಿಯೇಟರಿಗೆ ಸುಣ್ಣ!" ಈರಣ್ಣ ಹಣೆ ಚಚ್ಚಿಕೊಂಡ. ಆಮೇಲೆ ಕೊಳವೆಯ ಹಿಂದೆ ಬೆರಳು ತೋರಿಸಿದ. "ನೋಡ್ರಿ ಮೋನಪ್ಪಣ್ಣಾ. ಎಂಜಿನ್ನು ಎರಕಾ ಹೊಯ್ಯೋವಾಗ ಪಕ್ಕಕ್ಕ ತೂತು ಬಿಟ್ಟಿರತಾರ. ಆಮ್ಯಾಲೆ ಅದಕ್ಕ ತಗಡಿನ ಬಿಲ್ಲಿ ಬಡದು ಮುಚ್ಚತಾರ. ಆ ಬಿಲ್ಲಿ ತುಕ್ಕು ತಿಂದು ಸೂಜಿಮೊನಿ ಅಷ್ಟು ತೂತಾಗೇತಿ. ಗಾಡಿ ಓಡಿ ಕಾದಾಗ ಅಷ್ಟ ಒಸರತೈತಿ, ಬಿದ್ದದ್ದು ಕೊಳವಿ ಮ್ಯಾಲ ಸುಟ್ಟು ಹೋಕೈತಿ. ನಾ ನೋಡಿದ್ದೆಲ್ಲಾ ನಿಂತ ಗಾಡಿ. ಎಲ್ಲಿ ಕಾಣಬೇಕು?"

"ಹಾಗಾದ್ರೆ ಎಂಜಿನ್ನು?"

"ಎಂಜಿನ್ನಿಗೆ ಏನೂ ಆಗಿಲ್ಲ! ಸೀಳಿಲ್ಲ, ಗೀಳಿಲ್ಲ. ನಾನಽ ತಪ್ಪು ಹೇಳಿದ್ದೆ."

ಮೋನಪ್ಪ ಗಾಡಿಯ ಮೆಟ್ಟಿಲ ಮೇಲೆ ದೊಪ್ಪನೆ ಕೂತ. ಟ್ರಕ್ಕುಗಳು ಭರ್ರೆಂದು ದಾಟುತ್ತಿದ್ದವು. ಅವನು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ರುಬ್ಬುಗಲ್ಲಿನ ಜಡ್ಡು ಇನ್ನೂ ಅಲ್ಲೇ ಇತ್ತು.

ಕುರ್ಲಾದ ಕಡೆಗೆ ಗಾಡಿ ಹೋಗಲಿಲ್ಲ. ತಿರುಗಿ ಧಾರಾವಿಗೆ ಇಳಿಯಿತು. ಅಲ್ಲಿ ಹಿತ್ತಾಳೆ ಕೆಲಸದವನೊಬ್ಬ ದಪ್ಪ ತಗಡಿನಿಂದ ದುಂಡನೆಯ ಬಿಲ್ಲೆ ಕತ್ತರಿಸಿ, ನಡುವೆ ತುಸು ಉಬ್ಬಿಸಿ ಕೊಟ್ಟ. ಎಂಜಿನ್ನು ಆರಿದ ಮೇಲೆ ಈರಣ್ಣ ಕೆಂಪು ನೀರನ್ನೆಲ್ಲ ಒಂದು ಹಳೆಯ ಎಣ್ಣೆ ಡಬ್ಬಕ್ಕೆ ಇಳಿಸಿದ. ಅದನ್ನು ನೆಲಕ್ಕೆ ಚೆಲ್ಲಲು ಹೋದವನನ್ನು ವಿನೋದಿನಿ ತಡೆದಳು. "ಬೇಡ ಈರಣ್ಣಣ್ಣಾ, ಯಾರಾದ್ರೂ ದಾಟ್ತಾರೆ." ಹಿತ್ತಾಳೆ ಕೆಲಸದವನ ಕುಲುಮೆ ಧಗಧಗ ಉರಿಯುತ್ತಿತ್ತು. ಈರಣ್ಣ ಅವಳನ್ನೊಮ್ಮೆ, ಕುಲುಮೆಯನ್ನೊಮ್ಮೆ ನೋಡಿ, ಏನೂ ಕುಚೋದ್ಯ ಮಾಡದೆ, ಒಡೆಯನ ಒಪ್ಪಿಗೆ ಕೇಳಿ, ಡಬ್ಬವನ್ನು ಅದರ ಅಂಚಿನಲ್ಲೇ ಇಟ್ಟ. ಕೆಂಪು ನೀರು ಕುದಿಯಿತು, ಹಬೆಯಾಯಿತು, ಇಂಗಿತು. ಅಷ್ಟರಲ್ಲಿ ತುಕ್ಕು ಹಿಡಿದ ಬಿಲ್ಲೆ ಕಿತ್ತು ಬಂತು, ಹೊಸದು ಸುತ್ತಿಗೆಯ ಪೆಟ್ಟಿಗೆ ಠಣ್ ಎಂದು ಕೂತಿತು. ಒಳಗನ್ನು ತೊಳೆದು ತೊಳೆದು ಸುಣ್ಣ ತೆಗೆದರು. ಅಲ್ಲಿಯ ನಲ್ಲಿಯಿಂದ ಹೊಸ ನೀರು ತುಂಬಿದರು.

ಏರು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಪ್ರತಿ ಸಲವೂ ವಿನೋದಿನಿ ಎಡಗಡೆಯ ರೆಕ್ಕೆ ಎತ್ತಿ ಬಗ್ಗಿ ನೋಡುತ್ತಿದ್ದಳು. ಆ ಕತ್ತಲ ಮೂಲೆಯಲ್ಲಿ ಹಿತ್ತಾಳೆಯ ಬಿಲ್ಲೆ ಹುಣ್ಣಿಮೆಯ ಚಂದ್ರನಂತೆ ಹೊಳೆಯುತ್ತಿತ್ತು. ಒಂದು ಹನಿಯೂ ಹುಟ್ಟಲಿಲ್ಲ. ಅವಳಿಗೆ ಅದನ್ನು ಕಂಡು ಕೈ ಮುಗಿಯಬೇಕೆನಿಸಿತು, ಮುಗಿದಳು. ಯಾರೂ ನಗಲಿಲ್ಲ.

ಚಾಳಿಗೆ ಬಂದಾಗ ತಗಡಿನ ಡಬ್ಬಿ ತುಂಬಿದ್ದದ್ದು ತುಂಬಿಯೇ ಇತ್ತು. ನಲ್ಲಿಯ ಬಳಿ ಗಂಗುಬಾಯಿ ಕೆಣಕಲು ಬಾಯಿ ತೆರೆದವಳು ಬಗ್ಗಿ ಡಬ್ಬಿಯೊಳಗೆ ಇಣುಕಿದಳು. ಅಕ್ಕು ಅಜ್ಜಿ ಗ್ಯಾಲರಿಯ ಕಟಕಟೆ ಹಿಡಿದು ಕೆಳಗೆ ನೋಡುತ್ತಿದ್ದಳು. ಕಳಿಸಿದ ಮಗಳು ಸಂಜೆಗೇ ತವರಿಗೆ ತಿರುಗಿ ಬಂದದ್ದು ಅವಳಿಗೆ ದೊಡ್ಡ ಆಶ್ಚರ್ಯವಾದಂತೆ ಕಾಣಲಿಲ್ಲ. ಮೋನಪ್ಪ ಕೆಳಗಿನಿಂದಲೇ ಕೂಗಿ ಕೂಗಿ ಎಲ್ಲ ಹೇಳಿದ. ತೂತು, ಬಿಲ್ಲೆ, ಧಾರಾವಿ. "ಅಮ್ಮಾ, ನಿಮ್ಮ ಕುರ್ದಿಯಿಂದ ಗಾಡಿ ಉಳೀತು!"

"ಆಯೀ, ನಿಮ್ಮ ಕಾಲಿಗೆ ಬೀಳತೇನಿ," ಎಂದು ಈರಣ್ಣ ದನಿಗೂಡಿಸಿದ, "ಆದ್ರ ಇನ್ನೊಮ್ಮಿ ಸುಣ್ಣಾ ಮಾತ್ರ ಹಾಕಬ್ಯಾಡ್ರಿ!"

ಅಜ್ಜಿ ಅವರಿಬ್ಬರನ್ನೂ ಕೇಳಿಸಿಕೊಂಡ ಹಾಗೆ ಇರಲಿಲ್ಲ. ಮೇಲೆ ಹತ್ತಿ ಬಂದ ವಿನೋದಿನಿಯ ಕೈ ಹಿಡಿದು, ನಿನ್ನೆ ಸಂಜೆಯಿಂದ ತನ್ನನ್ನು ಕೊರೆಯುತ್ತಿದ್ದ ಒಂದೇ ಒಂದು ಮಾತನ್ನು ಮೆಲ್ಲಗೆ ಕೇಳಿದಳು:

"ಆ ನೀರು ಹೊರಗೆ ಬಂತಂತಲ್ಲ ಮಗಾ. ಯಾರೂ ದಾಟ್ಲಿಲ್ಲ ಅಲ್ವಾ?"

"ಇಲ್ಲ ಅಜ್ಜಿ," ಎಂದಳು ವಿನೋದಿನಿ. "ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ."