ಕಟ್ ಹೇಳುವವರೆಗೆ

ಮೊಟ್ಟೆ ಬಟ್ಟಲಿನ ಅಂಚಿಗೆ ಬಡಿದು ಟಕ್ಕೆಂದದ್ದೂ ಬಚ್ಚಲುಮನೆಯಲ್ಲಿ ಏನೋ ಧೊಪ್ಪೆಂದು ಬಿದ್ದದ್ದೂ ಒಂದೇ ಏಟಿಗೆ, ಇಷ್ಟು ಸಣ್ಣ ಮೊಟ್ಟೆಗೆ ಇಷ್ಟು ದೊಡ್ಡ ಸೌಂಡ್ ಎಫೆಕ್ಟಾ ಅಂತ ಅವನಿಗೆ ನಗುವೇ ಬಂತು, ಹಳದಿ ಜಾರಿ ಬಟ್ಟಲಿಗಿಳಿದು ಒಡೆಯದೆ ಗುಂಡಗೆ ಕೂತಿತು, ಆಮೇಲೆ ಹೊಳೆಯಿತು — ಓಹೋ, ಅಪ್ಪ ಶುರು ಮಾಡಿದ, ಭಾನುವಾರದ ಸೇಡು, ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಇವತ್ತು ರಿಲೀಸು. ಕತ್ತು ಚಾಚಿದ. ಒಲೆಯ ಮುಂದೆ ನಿಂತರೆ ಬಚ್ಚಲ ಬಾಗಿಲು ಸೀದಾ ಕಾಣುತ್ತದೆ, ಬಾಗಿಲ ಕೆಳಗೆ ಬೆರಳಗಲದ ಸಂದು, ಸಂದಿನಲ್ಲಿ ಬೆಳಕಿನ ಪಟ್ಟಿ, ಪಟ್ಟಿಯ ನಡುವೆ ಒಂದು ಕರಿ ಮಚ್ಚೆ, ನಲ್ಲಿ ಸುರಿಯುತ್ತಲೇ ಇದೆ. ಬೀದಿಗೆಲ್ಲ ಡೈಲಾಗ್ ಅಂತಲೇ ಗೊತ್ತಿರುವ ಅವನು ಗಂಟಲು ದಪ್ಪ ಮಾಡಿ ಒಂದು ಬಿಟ್ಟ, ಏಯ್, ನನ್ನ ಕೋಟೆಯಲ್ಲಿ ಬೀಳೋದಾದ್ರೂ ನನ್ನ ಪರ್ಮಿಷನ್ ತಗೊಂಡೇ ಬೀಳ್ಬೇಕು. ಬರೀ ನೀರಿನ ಸದ್ದು. ಚೆನ್ನಾಗಿ ಮಾಡ್ತಿದ್ದಾನೆ, ಪರವಾಗಿಲ್ಲ, ಆದರೆ ಗುರುವಿಗೇ ತಿರುಮಂತ್ರವಾ ಅಪ್ಪಾ, ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುವವನು, ಎರಡನೇ ಮೊಟ್ಟೆ ತೆಗೆದುಕೊಂಡ, ಟಕ್, ಇದರ ಹಳದಿ ಮಾತ್ರ ಒಡೆದು ಹರಡಿತು, ಸಿಪ್ಪೆಯ ಚೂರೊಂದು ಒಳಗೆ ಬಿತ್ತು, ಬೆರಳಿನಿಂದ ಹಿಡಿಯಲು ಹೋದರೆ ಜಾರುತ್ತದೆ, ಜಾರುತ್ತದೆ, ಬಚ್ಚಲಲ್ಲಿ ಸೋಪು ಜಾರಿರಬೇಕು, ಅಥವಾ ಬಕೆಟ್ಟು ಎತ್ತಿ ಕುಕ್ಕಿದನಾ, ಇಲ್ಲ, ಬಕೆಟ್ಟಾದರೆ ಟಣ್ಣೆನ್ನುತ್ತದೆ, ಪ್ಲಾಸ್ಟಿಕ್ಕಾದರೆ ಠಪ್ಪೆನ್ನುತ್ತದೆ, ಇದು ಧೊಪ್ಪೆಂದಿತು, ಅಕ್ಕಿ ಮೂಟೆ ಇಳಿಸಿದ ಹಾಗೆ. ಈರುಳ್ಳಿ ಸಿಪ್ಪೆ ಸುಲಿದ. ಸಣ್ಣಗೆ ಹೆಚ್ಚಬೇಕು, ದಪ್ಪಗಿದ್ದರೆ ಅಪ್ಪ ತಟ್ಟೆಯಂಚಿಗೆ ಸಾಲಾಗಿ ತೆಗೆದಿಟ್ಟು ಇವು ಯಾವ ಸ್ಕೂಲ್ ಮಕ್ಳಪ್ಪಾ ಲೈನಲ್ಲಿ ನಿಂತಿವೆ ಅನ್ನುತ್ತಾನೆ, ಹನ್ನೊಂದು ವರ್ಷ ಸ್ಕೂಲ್ ವ್ಯಾನ್ ಓಡಿಸಿದವನಿಗೆ ಜಗತ್ತೆಲ್ಲ ಲೈನಲ್ಲೇ ಕಾಣುತ್ತದೆ.

ಈ ಆಮ್ಲೆಟ್ ನಿಜಕ್ಕೂ ಅಪ್ಪನೇ ಹಾಕಬೇಕಿತ್ತು, ವಾರವಿಡೀ, ಸೋತವನು ಅವನು — ಆಟದ ಕಾನೂನೇ ಹಾಗೆ, ಇವನಿಗೆ ಐದು ವರ್ಷವಿದ್ದಾಗ ಅಪ್ಪನೇ ಮಾಡಿದ ಕಾನೂನು, ಒಬ್ಬ ಸತ್ತ ಹಾಗೆ ಬೀಳಬೇಕು, ಇನ್ನೊಬ್ಬ ಹೆದರಿ ಕಟ್ ಅನ್ನಬೇಕು, ಅಂದವನು ಸೋತ, ವಾರಕ್ಕೆ ಅವನದೇ ತಿಂಡಿ. ಆದರೆ ಕಟ್ ಅಂದ ತಕ್ಷಣ ಬಿದ್ದವನು ಏಳಲೇಬೇಕು, ಅದಕ್ಕೆ ಮಾತ್ರ ಆಣೆ. ಫೋರ್ಕ್ ಹಿಡಿದು ಮೊಟ್ಟೆ ಬಡಿಯತೊಡಗಿದ, ಕಟಕಟಕಟ, ಉಪ್ಪು, ಮೆಣಸಿನ ಪುಡಿ, ಹಸಿಮೆಣಸಿನಕಾಯಿ ಒಂದೇ, ಎರಡು ಹಾಕಿದರೆ ಅಪ್ಪನಿಗೆ ಎದೆ ಉರಿ, ಎದೆ, ಬೆಳಿಗ್ಗೆ ಎದ್ದವನೇ ಎದೆ ತಿಕ್ಕಿಕೊಳ್ಳುತ್ತ ಬಂದು ಇವತ್ತೊಂದಿನ ನೀನೇ ಹಾಕ್ಬಿಡೋ, ಯಾಕೋ ಸುಸ್ತು ಅಂದ, ಆಗಲೇ ಗೊತ್ತಾಗಬೇಕಿತ್ತು ಇದು ಫಸ್ಟ್ ಸೀನು ಅಂತ. ಅಮ್ಮನೂ ಸೇರಿಕೊಂಡಿದ್ದಾಳೆ, ಆರು ಗಂಟೆಯ ಶಿಫ್ಟಿಗೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡು ಮತ್ತೆ ವಾಪಸ್ ಬಂದು, ರಾತ್ರಿಯಿಂದ ಎಡಗೈ ಜುಮ್ ಅಂತಿದೆ ಅಂತಾರೆ ನಿಮ್ಮಪ್ಪ, ಸಂಜೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ, ಅಲ್ಲೀವರೆಗೆ ನಿನ್ನ ನಾಟಕ ಕಂಪನಿ ಮುಚ್ಚಿಟ್ಟಿರು ಅಂದಳು, ಎಷ್ಟು ಸೀರಿಯಸ್ಸಾಗಿ ಅಂದರೆ ಪ್ರಶಸ್ತಿ ಕೊಡಬೇಕು. ಎಡಗೈ ಅಂತೆ. ಪಾತ್ರಕ್ಕೆ ಎಷ್ಟು ತಯಾರಿ. ಬಾಗಿಲ ಕೆಳಗೆ ಬೆಳಕಿನ ಪಟ್ಟಿ, ನಡುವೆ ಕರಿ ಮಚ್ಚೆ, ಅಲ್ಲೇ ಇದೆ, ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದಾನೆ ಕಳ್ಳ, ಬಾಯಿಗೆ ಟವೆಲ್ ತುರುಕಿಕೊಂಡು ನಗು ತಡೆಯುತ್ತಿರಬೇಕು. ಭಾನುವಾರ ಅವನು ನಗಲಿಲ್ಲ. ಮೆಟ್ಟಿಲ ಬುಡದಲ್ಲಿ ಇವನು ಕತ್ತು ಓರೆ ಮಾಡಿ ಬಿದ್ದಿದ್ದ, ಕಿವಿಯ ಹಿಂದೆ ಟೊಮೇಟೊ ಸಾಸು, ಕಣ್ಣು ತೆರೆದೇ ಇತ್ತು, ವ್ಯಾನ್ ಒರೆಸುವ ಬಟ್ಟೆ ಹಿಡಿದು ಬಂದ ಅಪ್ಪ ಓಡಿ ಬರಲಿಲ್ಲ, ಕಿರುಚಲಿಲ್ಲ, ನಿಂತಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ, ಆಮೇಲೆ ಕಟ್, ಕಟ್, ಕಟ್ ಅಂದ ಮೂರು ಸಲ, ಇವನು ಏಳಲಿಲ್ಲ, ಮನಸ್ಸಿನಲ್ಲೇ ಹತ್ತು ಎಣಿಸಿದ, ಎಕ್ಸ್‌ಟ್ರಾ ಪರ್ಫಾರ್ಮೆನ್ಸು, ಹತ್ತಕ್ಕೆ ಎದ್ದು ಹಲ್ಲು ಕಿರಿದಾಗ ಅಪ್ಪನ ಮುಖ ಬೂದಿಯ ಬಣ್ಣ. ಬೈಯಲೂ ಇಲ್ಲ. ಕಟ್ ಅಂದ್ಮೇಲೆ ಏಳ್ಬೇಕು ಕಣೋ, ಏನ್ ಬೇಕಾದ್ರೂ ಆಡು, ಅದೊಂದನ್ನ ಮಾತ್ರ ಮುರೀಬೇಡ. ಅಷ್ಟು ಹೇಳಿ ಎದೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಬಲಗೈ ಎದೆಯ ಮೇಲೆ. ಎಡಗೈ ತೊಡೆಯ ಮೇಲೆ, ಜೋತುಬಿದ್ದಂತೆ. ಛೆ, ಎಡಗೈಯನ್ನು ಯಾರು ಗಮನಿಸುತ್ತಾರೆ, ಈಗ ಯಾಕೆ ನೆನಪಾಗಬೇಕು.

ಕಾವಲಿ ಕಾದಿದೆ. ಎಣ್ಣೆ ಬಿಟ್ಟ, ಈರುಳ್ಳಿ ಬೆರೆಸಿದ ಮೊಟ್ಟೆ ಹುಯ್ದ, ಚೊಂಯ್ ಅಂದಿತು, ಆ ಚೊಂಯ್ ಅಡಗಿದ ಮೇಲೆ ಮತ್ತೆ ನಲ್ಲಿಯ ಸದ್ದೊಂದೇ, ಅಂಚು ಗುಳ್ಳೆ ಎದ್ದು ಕಂದಾಗುತ್ತ ಮೇಲಕ್ಕೆ ಸುರುಳಿಯಾಗುತ್ತಿದೆ, ಅಪ್ಪನಿಗೆ ಅಂಚು ಗರಿಗರಿ ಇರಬೇಕು, ನಡು ಮೆತ್ತಗೆ, ವಾಸನೆ ಹೋಗುತ್ತಿರಬೇಕಲ್ಲ ಸಂದಿನಿಂದ ಒಳಗೆ, ಬಾ ಹೀರೋ, ಹಸಿವು ಎಂಥ ವಿಲನ್ನನ್ನೂ ಹೊರಗೆ ತರುತ್ತದೆ. ಗಡಿಯಾರ ನೋಡಿದ, ಏಳು ಹತ್ತೊಂಬತ್ತು. ಏಳೂ ಕಾಲಿಗೆ ವ್ಯಾನ್ ಹೊರಡಬೇಕಿತ್ತು. ಹೊರಡಬೇಕಿತ್ತು ಅಂದರೆ ಹೊರಡಲೇಬೇಕು, ಜ್ವರ ಬಂದರೂ, ಅತ್ತೆ ತೀರಿಕೊಂಡ ದಿನವೂ ಮಕ್ಕಳನ್ನು ಇಳಿಸಿಯೇ ಅಪ್ಪ ಸಾವಿನ ಮನೆಗೆ ಹೋದದ್ದು. ಇವತ್ತು ಕಾಯಿಸುತ್ತಾನಂತೆ, ಒಂದು ಆಟಕ್ಕೋಸ್ಕರ. ಸಟ್ಟುಗ ಆಮ್ಲೆಟ್ಟಿನ ಕೆಳಗೆ ತೂರಿಸಿದ, ಮಗುಚಲಿಲ್ಲ. ಮೇಜಿನ ಮೇಲೆ ಅಪ್ಪನ ಫೋನು ಹೊಡೆದುಕೊಂಡಿತು, ಎತ್ತಿ ಹಲೋ ಅಂದ. ಮೊದಲ ಸ್ಟಾಪಿನ ಅವಳಿ ಮಕ್ಕಳ ಅಜ್ಜಿ, ಏನಪ್ಪಾ, ವ್ಯಾನ್ ಇನ್ನೂ ಬಂದಿಲ್ವಲ್ಲ, ನಿಮ್ಮಪ್ಪ ಒಂದು ದಿನಾನೂ ಹಿಂಗೆ ಮಾಡಿದವರಲ್ಲ, ಹುಷಾರಾಗಿದಾರೆ ತಾನೇ. ಹುಷಾರಾಗಿದಾರೆ ಅಜ್ಜಿ, ಅಂದ, ಅಂದ ಸ್ವರ ತನ್ನದಲ್ಲ, ಯಾರೋ ಡಬ್ಬಿಂಗ್ ಮಾಡಿದ ಹಾಗಿತ್ತು. ಫೋನಿಟ್ಟ. ಬೆಳಕಿನ ಪಟ್ಟಿ ಈಗ ಹೊಳೆಯುತ್ತಿದೆ, ಒದ್ದೆಯಾಗಿದೆ, ಸಂದಿನಿಂದ ನೀರು ತೆಳ್ಳಗೆ ಹಜಾರಕ್ಕೆ ಬರುತ್ತಿದೆ, ಕರಿ ಮಚ್ಚೆ ಇದ್ದಲ್ಲೇ ಇದೆ, ನೀರು ಅದನ್ನು ಬಳಸಿಕೊಂಡು ಎರಡಾಗಿ ಹರಿಯುತ್ತಿದೆ.

ಹಜಾರ ಹತ್ತೇ ಹೆಜ್ಜೆ. ಸೋತೆ ಅಪ್ಪಾ, ವಾರ ಅಲ್ಲ, ತಿಂಗಳು ತಿಂಡಿ ಮಾಡ್ತೀನಿ, ಸೋತೆ. ಬಾಗಿಲಿಗೆ ಹಣೆ ಹಚ್ಚಿ ಕಟ್ ಅಂದ. ನಲ್ಲಿ ಸುರಿಯುತ್ತಿದೆ. ಹತ್ತು ಎಣಿಸುತ್ತಿದ್ದಾನೆ, ಭಾನುವಾರದ್ದಕ್ಕೆ ಮುಯ್ಯಿ, ನ್ಯಾಯವೇ, ಒಂದು, ಎರಡು, ಎಣಿಸಲಿ, ಆರು, ಏಳು, ಹತ್ತು, ಹನ್ನೊಂದು. ಹನ್ನೆರಡು. ಅಪ್ಪ ಆ ಆಣೆ ಮುರಿಯುವವನಲ್ಲ. ಮುರಿದವನು ಇವನು. ಕಟ್, ಅಪ್ಪಾ ಕಟ್, ಹೆಗಲಿನಿಂದ ಗುದ್ದಿದ, ಒಳಗಿನ ಚಿಲಕ ಗಟ್ಟಿ, ಬಾಗಿಲು ಒಂದಿಂಚೂ ಬಿಡುವುದಿಲ್ಲ, ಹಿಂದೆ ಆಮ್ಲೆಟ್ ಸೀಯುತ್ತಿದೆ, ಹೊಗೆ, ಇವನು ನೆಲದ ಮೇಲೆ ಬೋರಲು ಬಿದ್ದ, ಕೆನ್ನೆ ನೀರಿಗೆ ತಾಗಿತು, ಸಂದಿನಲ್ಲಿ ಕಣ್ಣಿಟ್ಟ. ಮಚ್ಚೆ ಅಲ್ಲ. ಕೈ. ಅಂಗೈ ಮೇಲಾಗಿ, ನಾಲ್ಕು ಬೆರಳು ಸ್ವಲ್ಪ ಮಡಚಿ, ಏನನ್ನೋ ಕೊಡು ಅಂದ ಹಾಗೆ, ಎಡಗೈ. ಇವನ ಎರಡು ಬೆರಳು ಮಾತ್ರ ಸಂದಿನೊಳಗೆ ತೂರಿದವು, ತಾಗಿದವು. ತಣ್ಣಗೆ. ನೀರು ತಣ್ಣಗಿದೆ, ನಲ್ಲಿ ನೀರು ಬೆಳಿಗ್ಗೆ ಹೊತ್ತು ತಣ್ಣಗೇ ಇರುತ್ತದೆ, ತಣ್ಣಗಿರುವುದು ನೀರು, ಬೆರಳಲ್ಲ, ಬೆಳಕಿನ ಪಟ್ಟಿ, ಪಟ್ಟಿಯಲ್ಲಿ ಬೆರಳು, ಬೆರಳ ಸಂದಿನಲ್ಲಿ ನೀರು, ತಣ್ಣಗಿರುವುದು ನೀರು, ನೀರು, ಬೆರಳು —