ಕಾಲುವೆಯ ಪಟದಲ್ಲಿದ್ದ ನಾಲ್ವರು

ಕಂಪ್ಲಿ ಕೋಟೆಯೊಳಗೆ ಪಾಳುಬಿದ್ದಿದ್ದ ಹಳೆಯ ಕಲ್ಲಿನ ಛತ್ರವನ್ನು ರಿಪೇರಿ ಮಾಡಿಸಿ, ಅಕ್ಕಿ ಗಿರಣಿಯ ವಿರೂಪಾಕ್ಷಪ್ಪ ಅಲ್ಲೊಂದು ಮ್ಯೂಸಿಯಂ ತೆರೆದಿದ್ದಾರೆ ಎಂಬ ಸುದ್ದಿ ಮೆಟ್ರಿಯವರೆಗೂ ಬಂದಿತ್ತು. ಅದು 1976ರ ದೀಪಾವಳಿ ಕಳೆದ ಹೊಸತು. ಮೆಟ್ರಿಯ ಪ್ರಾಥಮಿಕ ಶಾಲೆಯ ಟೀಚರ್ ಚೆನ್ನಬಸಮ್ಮ, ತನ್ನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೊದಲು ತಾನೊಮ್ಮೆ ನೋಡಿಬರಬೇಕೆಂದು ಭಾನುವಾರ ಬೆಳಿಗ್ಗೆ ಹೊರಟಳು. ಅವ್ವ ಹೊಳೆಮ್ಮನನ್ನೂ ಜೊತೆಗೆ ಕರೆದಳು. ಹೊಳೆಮ್ಮನಿಗೆ ಗದ್ದೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಗದ್ದೆ. ಕಾಲುವೆ ನೀರು ಬಂದಾಗಿನಿಂದ ಊರವರ ಹೊಲಗಳಲ್ಲಿ ಸಸಿ ನಾಟಿ ಮಾಡಿಯೇ ಆಕೆ ಒಬ್ಬಳೇ ಮಗಳನ್ನು ಓದಿಸಿದ್ದಳು. ಗಂಡ ಗಾದಿಲಿಂಗಪ್ಪ ಸತ್ತಾಗ ಮಗಳಿಗೆ ಎರಡು ವರ್ಷ.

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ನಿವೃತ್ತ ಡ್ರಾಯಿಂಗ್ ಮಾಸ್ತರ ಕೊಟ್ರಯ್ಯ. ಟೀಚರ್ ಬಂದಿದ್ದಾಳೆಂದು ಅವರಿಗೆ ಖುಷಿಯಾಯಿತು. ಹಂಪಿ ಬಜಾರಿನ ಸಾಲುಮಂಟಪಗಳನ್ನು ತಾವೇ ಬರೆದಿದ್ದ ಚಿತ್ರಗಳನ್ನು ಮೊದಲು ತೋರಿಸಿದರು. ಆಮೇಲೆ ಒಡೆದ ಕಂಬದ ತುಂಡುಗಳು, ಹಿತ್ತಾಳೆ ದೀಪಗಳು, ಕಾಳು ಅಳೆಯುವ ಕೊಳಗ, ಸೇರು.

"ಇವೆಲ್ಲಾ ನಮ್ಮ ಅಟ್ಟದ ಮ್ಯಾಲ ಬಿದ್ದಾವಲ್ಲಲೇ," ಎಂದು ಹೊಳೆಮ್ಮ ಮಗಳ ಕಿವಿಯಲ್ಲಿ ಹೇಳಿ ನಕ್ಕಳು. "ಇವನ್ನ ನೋಡಾಕ ಬಸ್ ಹತ್ತಿ ಬಂದ್ವಾ?"

ಕೊನೆಯ ಕೋಣೆಯಲ್ಲಿ ಆಕೆಯ ನಗು ನಿಂತುಹೋಯಿತು.

ಆ ಕೋಣೆಯಲ್ಲಿ ವಿರೂಪಾಕ್ಷಪ್ಪನ ತಂದೆಯ ದೊಡ್ಡ ತೈಲಚಿತ್ರವಿತ್ತು. ಆತ ಕಾಲುವೆ ಕೆಲಸದ ಗುತ್ತಿಗೆದಾರನಾಗಿದ್ದವನು. ಅದರ ಕೆಳಗೆ ಕಟ್ಟು ಹಾಕಿದ ಒಂದು ಫೋಟೋ. ಗುಡ್ಡದ ಬಂಡೆ ಕಡಿದ ಜಾಗದಲ್ಲಿ ಹದಿನೈದಿಪ್ಪತ್ತು ಕೂಲಿಯವರು ಸಾಲಾಗಿ ನಿಂತಿದ್ದಾರೆ. ನಡುವೆ ಹಾರ ಹಾಕಿಕೊಂಡ ಯಾರೋ ಸಾಹೇಬ. ಹೊಳೆಮ್ಮ ಹತ್ತಿರ ಹೋಗಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಇವ ನಿಮ್ಮಪ್ಪ," ಎಂದಳು.

ಚೆನ್ನಬಸಮ್ಮನಿಗೆ ಅಪ್ಪನ ಮುಖದ ನೆನಪೇ ಇರಲಿಲ್ಲ. ಮನೆಯಲ್ಲಿ ಒಂದು ಫೋಟೋವೂ ಇರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ, ತನ್ನದೇ ವಯಸ್ಸಿನ ಆ ತೆಳ್ಳನೆಯ ಗಂಡಸನ್ನು ಆಕೆ ನೋಡುತ್ತ ನಿಂತಳು. ಕಣ್ಣು ತುಂಬಿ ಬಂತು.

"ಕೆಳಗ ಏನ್ ಬರದಾರ ಓದು," ಎಂದಳು ಹೊಳೆಮ್ಮ.

ಮಗಳು ಓದಿದಳು. "ಬಂಡೆ ಕಡಿದು ಕಾಲುವೆ ತೆಗೆದ ಸಂದರ್ಭ, 1957. ಒಂದೂ ಪ್ರಾಣಹಾನಿಯಿಲ್ಲದೆ ಈ ಕೆಲಸ ಪೂರ್ಣಗೊಂಡಿತು."

"ಇನ್ನೊಮ್ಮೆ ಓದು."

ಮತ್ತೆ ಓದಿದಳು. ಹೊಳೆಮ್ಮ ಕೊಟ್ರಯ್ಯನವರತ್ತ ತಿರುಗಿದಳು.

"ಇದನ್ನ ಬರದವ್ರು ಯಾರ್ರಿ?"

"ನಾನಮ್ಮಾ. ಸಾವ್ಕಾರ್ರು ಹೇಳಿದ್ರು, ನಾನು ಬರದೆ."

"ಸುಳ್ಳು ಬರದೀರಿ. ಈ ಪಟ ತಗದ ಹೊತ್ನ್ಯಾಗ ನಾನೂ ಅಲ್ಲೇ ಇದ್ದೆ, ಬುಟ್ಟಿ ಹೊತ್ಕೊಂಡು. ಬಂಡೆ ಸಿಡಿಸಾಕ ಹಾಕಿದ ಮದ್ದಿನಾಗ ಎರಡು ಸಿಡಿದಿರ್ಲಿಲ್ಲ. ಅವನ್ನ ತಗಿಯೋತನಾ ಕೆಳಗ ಇಳಿಯಂಗಿಲ್ಲ ಅಂತ ಮ್ಯಾಸ್ತ್ರಿ ಅಂದ. ಪಟ ತಗದ ಮ್ಯಾಲ, ಸಾಹೇಬ್ರು ನೋಡಾಕತ್ತಾರ, ಕೆಲಸ ನಿಲ್ಲಬಾರ್ದು ಅಂತ ಈ ಪುಣ್ಯಾತ್ಮ ಇಳಿಸಿದ." ಆಕೆಯ ಬೆರಳು ತೈಲಚಿತ್ರದ ಕಡೆಗಿತ್ತು. "ಮೊದಲನೇ ಹಾರೆ ಏಟಿಗೇ ಸಿಡೀತು. ಈ ಪಟದಾಗಿನ ಇವ, ಇವ, ಇವ, ಮತ್ತ ನನ್ನ ಗಂಡ. ನಾಲ್ಕು ಮಂದಿ."

ಚೆನ್ನಬಸಮ್ಮ ಮೆಲ್ಲಗೆ ಕೇಳಿದಳು. "ಅಪ್ಪ ಜ್ವರ ಬಂದು ಸತ್ತ ಅಂತ ಹೇಳಿದ್ದಿಯಲ್ಲವ್ವಾ?"

ಹೊಳೆಮ್ಮ ಮಗಳ ಮುಖ ನೋಡಲಿಲ್ಲ. "ಹಂಗಂತ ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ದೆ. ಒತ್ತದಿದ್ರ, ಮದ್ದು ಕದಿಯಾಕ ಹೋಗಿ ಸತ್ತ ಅಂತ ಪೊಲೀಸ್ರಿಗೆ ಬರಸ್ತೀನಿ ಅಂದ ಈ ಗುತ್ತಿಗೆದಾರ. ಕಳ್ಳನ ಹೇಣ್ತಿ ಅಂದ್ರ ನನಗ ಕೂಲಿ ಯಾರು ಕೊಡ್ತಿದ್ರು? ನೀನು ಬಗಲಾಗಿದ್ದಿ. ಒಮ್ಮೆ ಒತ್ತಿದ ಮ್ಯಾಲ ಅದನ್ನೇ ಹೇಳ್ಕೊಂತ ಬಂದೆ."

ಕೊಟ್ರಯ್ಯನವರ ಮುಖ ಬಾಡಿತು. ಕೋಟೆ ಬಾಗಿಲ ಆಚೆಗೇ ಇದ್ದ ಗಿರಣಿಗೆ ತಾವೇ ಹೋಗಿ ವಿರೂಪಾಕ್ಷಪ್ಪನನ್ನು ಕರೆತಂದರು. ಐವತ್ತರ ಹತ್ತಿರದ, ಬಿಳಿ ಧೋತರದ ಗಟ್ಟಿ ಆಳು. ಎಲ್ಲವನ್ನೂ ಶಾಂತವಾಗಿಯೇ ಕೇಳಿಸಿಕೊಂಡ.

"ಕುಂದ್ರವಾ, ನೀರು ಕುಡಿ," ಎಂದ.

"ನೀರು ಬ್ಯಾಡ. ಆ ಮಾತು ಅಳಿಸ್ರಿ. ನಾಲ್ಕು ಮಂದಿ ಹೆಸರು ಬರಸ್ರಿ."

"ಇಪ್ಪತ್ತು ವರ್ಷದ ಮಾತು. ನಮ್ಮಪ್ಪ ತೀರ್ಕೊಂಡಾನ. ಈಗ ಅವನ ಮ್ಯಾಲ ಗೂಬೆ ಕೂರಿಸಿದ್ರ ಹೆಂಗ? ಕಾಗದಪತ್ರ ಎಲ್ಲಾ ನಮ್ಮನ್ಯಾಗ ಅದಾವು. ಅವ್ರು ನಾಲ್ಕೂ ಮಂದಿ ಜ್ವರ ಬಂದೇ ಸತ್ತಾರ ಅಂತ ಮನಿಯವ್ರ ಹೆಬ್ಬೆಟ್ಟು ಐತಿ. ನಿಂದೂ ಐತಿ."

ಅದುವರೆಗೆ ಅವ್ವನ ಮೇಲಿನ ಸಿಟ್ಟನ್ನು ನುಂಗಿಕೊಂಡು ನಿಂತಿದ್ದ ಚೆನ್ನಬಸಮ್ಮ ತಲೆಯೆತ್ತಿದಳು.

"ನಾಲ್ಕು ಕಾಗದಕ್ಕೂ ತಾರೀಖು ಯಾವುದೈತ್ರಿ ಸಾವ್ಕಾರ್ರೇ?"

ವಿರೂಪಾಕ್ಷಪ್ಪ ಧೋತರದ ಚುಂಗು ಸರಿಮಾಡಿಕೊಂಡ.

"ನಾಲ್ಕು ಮಂದಿ ಗಟ್ಟಿ ಆಳು ಒಂದೇ ದಿನ ಒಂದೇ ಜ್ವರಕ್ಕ ಸತ್ತರಾ? ನೀವು ಆ ಕಾಗದ ಓದೀರಿ. ಓದಿದ ಮ್ಯಾಲೂ ಪ್ರಾಣಹಾನಿ ಇಲ್ಲ ಅಂತ ಬರಸೀರಿ."

"ಟೀಚರ್, ನೀನು ಸರ್ಕಾರಿ ನೌಕರಿ ಮಾಡ್ತಿ. ಮಾತು ನೋಡ್ಕೊಂಡು ಆಡು."

ಆ ಬೆದರಿಕೆ ಕೇಳಿದ್ದೇ ಹೊಳೆಮ್ಮ ಮಗಳನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ದನಿ ಏರಲಿಲ್ಲ.

"ನಿಮ್ಮಪ್ಪನೂ ಹಿಂಗ ಅಂದಿದ್ದ. ಕೂಲಿ ಸಿಗಂಗಿಲ್ಲ ನೋಡು ಅಂದಿದ್ದ. ಅವತ್ತು ಅಂಜಿದೆ. ಆ ಹೆಬ್ಬೆಟ್ಟಿನ ಕಾಗದ ತಂದು ಇದೇ ಗ್ಲಾಸಿನಾಗ ಇಡ್ರಿ, ಪಟದ ಬಾಜೂಕ. ಮಂದಿ ಬಂದು ನೋಡ್ಲಿ. ನಾನು ಸುಳ್ಳು ಹೇಳೀನಿ ಅಂತನೂ ಬರೀರಿ. ಯಾಕ ಹೇಳಿದೆ ಅಂತನೂ ಬರೀರಿ."

ವಿರೂಪಾಕ್ಷಪ್ಪ ಮೊಳೆಯಿಂದ ಫೋಟೋ ಬಿಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಹೊಳೆಮ್ಮ ಬಾಗಿಲಿಗೆ ಅಡ್ಡ ನಿಂತಳು. ಆತ ಆಕೆಯನ್ನು ಬಳಸಿಕೊಂಡು, ಗೋಡೆಗೆ ಭುಜ ಉಜ್ಜಿಕೊಂಡು ದಾಟಿಹೋದ.

ಬಂದವರು ಅಭಿಪ್ರಾಯ ಬರೆಯಲೆಂದು ಬಾಗಿಲ ಬಳಿ ಒಂದು ದಪ್ಪ ಪುಸ್ತಕವಿತ್ತು. ಚೆನ್ನಬಸಮ್ಮ ಅದರಲ್ಲಿ ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಳು. ಗಾದಿಲಿಂಗಪ್ಪ, ಎರ್ರಿಯಪ್ಪ, ಜಂಬಯ್ಯ, ಗವಿಸಿದ್ದಪ್ಪ. ಹೊಳೆಮ್ಮ ಹೆಸರು ಹೇಳುವಾಗ ಎಲ್ಲೂ ತಡವರಿಸಲಿಲ್ಲ. ಕೆಳಗೆ ಆಕೆ ಹೆಬ್ಬೆಟ್ಟು ಒತ್ತಿದಳು. ಕೊಟ್ರಯ್ಯನವರು ಶಾಯಿಯ ಡಬ್ಬಿ ಹಿಡಿದುಕೊಂಡಿದ್ದರು. ಕೇಳದಿದ್ದರೂ ತಾವೇ ಸಾಕ್ಷಿಯೆಂದು ಸಹಿ ಮಾಡಿದರು.

ಬಸ್ಸಿನಲ್ಲಿ ಮಗಳು ಅವ್ವನನ್ನು ಬಿಟ್ಟು ಮುಂದಿನ ಸೀಟಿಗೆ ಹೋಗಿ ಕುಳಿತಳು. ಮೆಟ್ರಿಯಲ್ಲಿ ಇಳಿದು ನಡೆಯುವಾಗ ಅವಳು ಜೋರಾಗಿ ಹೆಜ್ಜೆ ಹಾಕಿದ್ದರಿಂದ ಹೊಳೆಮ್ಮ ಹಿಂದೆ ಉಳಿದಳು. ಎರಡು ದಿನ ಚೆನ್ನಬಸಮ್ಮ ಅವ್ವ ಬಡಿದ ರೊಟ್ಟಿ ಮುಟ್ಟಲಿಲ್ಲ. ಆ ಸಾಹುಕಾರ ಸುಳ್ಳು ಹೇಳಿದ್ದು ಅವಳಿಗೆ ಅರ್ಥವಾಗುತ್ತಿತ್ತು. ತನ್ನೊಬ್ಬಳಿಗಾದರೂ, ಬಾಗಿಲು ಹಾಕಿಕೊಂಡಾದರೂ ಅವ್ವ ನಿಜ ಹೇಳಬಹುದಿತ್ತು ಎಂಬುದನ್ನು ಮಾತ್ರ ನುಂಗಲಾಗುತ್ತಿರಲಿಲ್ಲ. ಮೂರನೆಯ ದಿನ ಒಲೆಯ ಮುಂದೆ ಬಂದು ಕುಳಿತು, "ಅಪ್ಪನ್ನ ಎಲ್ಲಿ ಮಣ್ಣು ಮಾಡಿದ್ರಿ?" ಎಂದು ಕೇಳಿದಳು. ಹೊಳೆಮ್ಮ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅಷ್ಟರಲ್ಲಿ ರೊಟ್ಟಿಗೆ ನಾದಿಟ್ಟಿದ್ದ ಹಿಟ್ಟು ಒಣಗಿ ಹೋಯಿತು.

ಒಂದು ತಿಂಗಳ ಮೇಲೆ ಕೊಟ್ರಯ್ಯನವರು ಸೈಕಲ್ ತುಳಿದುಕೊಂಡು ಮೆಟ್ರಿಗೆ ಬಂದರು. ಬೆವರಿದ್ದರು. ಕಟ್ಟೆಯ ಮೇಲೆ ಕುಳಿತು, ಫೋಟೋ ಮತ್ತೆ ಗೋಡೆಗೆ ಬಂದಿದೆ, ಪ್ರಾಣಹಾನಿಯ ಆ ಸಾಲನ್ನು ತೆಗೆಸಿದ್ದೇನೆ ಎಂದರು. ಇಲ್ಲದಿದ್ದರೆ ತಾವು ಕೆಲಸ ಬಿಡುವುದಾಗಿ ಹೇಳಬೇಕಾಯಿತಂತೆ. ಹೆಸರು ಬರೆಯಲು ಮಾತ್ರ ವಿರೂಪಾಕ್ಷಪ್ಪ ಒಪ್ಪಲಿಲ್ಲ.

"ನನ್ನ ಕೈಲಾದಷ್ಟು ಮಾಡೀನಿ ಹೊಳೆಮ್ಮಾ. ಇಷ್ಟಕ್ಕ ಸಮಾಧಾನ ಮಾಡ್ಕೋ."

ಹೊಳೆಮ್ಮ ಅವರಿಗೆ ಒಂದು ಚೆಂಬು ನೀರು ಕೊಟ್ಟಳು. "ಇಲ್ರಿ ಮಾಸ್ತರ್ರೇ. ಹೆಸರು ಬರೋತನಾ ಸಮಾಧಾನ ಇಲ್ಲ."

ಅವರು ಮಗಳ ಕಡೆ ನೋಡಿದರು, ಆಕೆಯಾದರೂ ತಿಳಿಸಿ ಹೇಳಿಯಾಳೆಂದು. ಚೆನ್ನಬಸಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಮ್ಮವ್ವ ಹೇಳಿದ್ದು ಕೇಳಿಸ್ತಲ್ರಿ ಸರ್," ಎಂದಳು. "ಹಂಗೇ ಹೋಗಿ ಸಾವ್ಕಾರ್ರಿಗೆ ಹೇಳ್ರಿ. ಬರೋ ಭಾನುವಾರ ನಾವಿಬ್ರೂ ಬರ್ತೀವಿ. ಉಳಿದ ಮೂರು ಮನಿಯವ್ರನ್ನೂ ಕರ್ಕೊಂಡು ಬರ್ತೀವಿ."